ಡೀಸೆಲ್ ಟ್ಯಾಂಕಿ ಅಡಿಯಿಂದ ಸೋರ್ತಾ ಉಂಟು: ಬೋಟಿನಲ್ಲೇ ಪ್ಯಾಚ್ ಹೊಡೆಯಬಹುದಾ, ಹೊರಗೆ ತೆಗೆಯಲೇ ಬೇಕಾ?

ಪಡುಕೆರೆಯವ
ಜೂನ್ 17, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನಮ್ಮದು ಮಲ್ಪೆಯಲ್ಲಿ ಒಂದು ಆಳಸಮುದ್ರದ ಟ್ರಾಲ್ ಬೋಟು, ಮರದ್ದು. ಅಪ್ಪ ಕಟ್ಟಿಸಿದ್ದು. ಎರಡು ವರ್ಷದಿಂದ ನಾನು ನೋಡಿಕೊಳ್ತಾ ಇದ್ದೇನೆ. ಎಂಜಿನ್ ರೂಮಿನಲ್ಲಿ ಎಡಕ್ಕೊಂದು ಬಲಕ್ಕೊಂದು ಎಂಎಸ್ ಪ್ಲೇಟಿನ (ಸಾದಾ ಉಕ್ಕಿನ ತಗಡಿನ) ಡೀಸೆಲ್ ಟ್ಯಾಂಕಿ ಉಂಟು, ಒಂದೊಂದು 1500 ಲೀಟರಿನದ್ದು. ಉದ್ದ ಆರೂವರೆ ಅಡಿ, ಎತ್ತರ ಮೂರೂಕಾಲು, ಅಗಲ ಎರಡೂವರೆ. 2011ರಲ್ಲಿ ಕೂರಿಸಿದ್ದು, 4 ಎಂಎಂ ಪ್ಲೇಟು. ಬಲಬದಿಯದ್ದು ಸೋರ್ತಾ ಉಂಟು.

ಮೇ ತಿಂಗಳ ಕೊನೆಯ ಎರಡು ಟ್ರಿಪ್ಪಿನಲ್ಲಿ ಡೀಸೆಲ್ ಲೆಕ್ಕ ಕೂಡಲಿಲ್ಲ. ನೀರು ಎಳೀತಿತ್ತು, ಗಾಳಿ ಎದುರಿತ್ತು, ಹಾಗೆ ಹೆಚ್ಚು ಕುಡಿದದ್ದು ಅಂತ ಬೋಟು ನಡೆಸುವ ತಾಂಡೇಲರು ಹೇಳಿದ್ರು. ನಾನೂ ಹಾಗೇ ಅಂದುಕೊಂಡೆ. ಬೋಟು ಬಂದು ಕಟ್ಟಿ ಕಲಾಸಿಗಳೆಲ್ಲ ಊರಿಗೆ ಹೋದ ಮೇಲೆ ಒಂದು ದಿನ ಒಬ್ಬನೇ ಎಂಜಿನ್ ರೂಮಿಗೆ ಇಳಿದೆ. ಮುಚ್ಚಿಟ್ಟ ಜಾಗದ ವಾಸನೆ ಬೇರೆ, ಇದು ಬೇರೆ. ಟಾರ್ಚ್ ಹಾಕಿದರೆ ಅಡಿಯಲ್ಲಿ ನಿಂತ ನೀರಿನ ಮೇಲೆ ನವಿಲುಗರಿಯ ಹಾಗೆ ಬಣ್ಣಬಣ್ಣದ ಪದರ. ಟ್ಯಾಂಕಿಯ ಹಿಂದಿನ ಮೂಲೆಯಲ್ಲಿ, ಅದು ಕೂತ ಮರದ ಪಕ್ಕದಿಂದ ಹನಿ ಬೀಳ್ತಾ ಇತ್ತು. ಅದರ ಅಡಿಗೆ ಒಂದು ಚಾ ಗ್ಲಾಸು ಇಟ್ಟು ಕಾದೆ. ಎರಡು ಗಂಟೆಗೆ ಗ್ಲಾಸು ತುಂಬಿತು. ಬೋಟು ಅಲುಗದೆ ನಿಂತಾಗಲೇ ದಿನಕ್ಕೆ ಲೀಟರಿನ ಮೇಲೆ ಆಯ್ತು. ತೆರೆಗೆ ಬಿದ್ದಾಗ ಎಷ್ಟು ಹೋಗಿರಬಹುದೋ.

ಬಂದರಿನಲ್ಲಿ ಕೆಲಸ ಮಾಡುವ ಒಬ್ಬ ವೆಲ್ಡರನ್ನು ಕರೆದು ತೋರಿಸಿದೆ. "ಟ್ಯಾಂಕಿ ಖಾಲಿ ಮಾಡಿ ಕೊಡಿ, ಒಂದು ಸಲ ನೀರು ಹಾಕಿ ತೊಳೆಯುವ, ಅಲ್ಲೇ ಪ್ಯಾಚ್ ಹೊಡೆದು ಅರ್ಧ ದಿನದಲ್ಲಿ ಮುಗಿಸ್ತೇನೆ, ಆರು ಸಾವಿರ" ಅಂದ. ಬೆಂಕಿಯ ಭಯ ಇಲ್ವಾ ಅಂತ ಕೇಳಿದ್ದಕ್ಕೆ "ಇದು ಪೆಟ್ರೋಲ್ ಅಲ್ಲ ಧಣಿ, ಡೀಸೆಲ್. ಕಡ್ಡಿ ಗೀರಿ ಹಾಕಿದ್ರೂ ನಂದಿ ಹೋಗ್ತದೆ" ಅಂದ. ಹೊರಗೆ ತೆಗೆಯುವುದಾದರೆ ಡೆಕ್ಕಿನ ಹಲಗೆ ಎಬ್ಬಿಸಬೇಕು, ಪೈಪೆಲ್ಲ ಬಿಚ್ಚಬೇಕು, ಖರ್ಚು ಎಷ್ಟೋ ಪಾಲು ಹೆಚ್ಚು.

ನನಗೆ ಮನಸ್ಸು ಒಪ್ಪುದಿಲ್ಲ. ಮಳೆಗಾಲದಲ್ಲಿ ಮಲ್ಪೆ ಬಂದರು ಹೇಗಿರ್ತದೆ ಅಂತ ಕಂಡವರಿಗೆ ಗೊತ್ತುಂಟು. ಬೋಟಿಗೆ ಬೋಟು ತಾಗಿಸಿ ಕಟ್ಟಿರ್ತಾರೆ, ಒಂದರಿಂದ ಒಂದಕ್ಕೆ ಕಾಲಿಟ್ಟುಕೊಂಡೇ ಆಚೆ ದಡಕ್ಕೆ ಹೋಗಬಹುದು. ನಮ್ಮ ಬೋಟಿಗೆ ಎಂತಾದ್ರೂ ಆದ್ರೆ ನಮ್ಮದೊಂದೇ ಹೋಗುದಲ್ಲ. ಹಾಗಂತ ಆಗಸ್ಟ್ 1ಕ್ಕೆ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗೀತದೆ, ಅಷ್ಟರೊಳಗೆ ಬೋಟು ತಯಾರಾಗಬೇಕು.

ಮರದ ಬೋಟಿನಲ್ಲಿ ಟ್ಯಾಂಕಿ ಕೆಲಸ ಮಾಡಿದವರು ಯಾರಾದ್ರೂ ಇದ್ದರೆ ದಯವಿಟ್ಟು ಹೇಳಿ. ಒಳಗೇ ಪ್ಯಾಚ್ ಹೊಡೆಯಬಹುದಾ? ಎಂ-ಸೀಲ್, ಫೈಬರ್ ಹಾಕಿದ್ರೆ ನಿಲ್ತದಾ? ಅಥವಾ ಟ್ಯಾಂಕಿಯನ್ನೇ ಬದಲಾಯಿಸಬೇಕಾ?


ದಕ್ಕೆ ಡ್ರೈವರ್
ಜೂನ್ 17, ರಾತ್ರಿ 10.25

ನಾನು ಮಂಗಳೂರು ದಕ್ಕೆಯಲ್ಲಿ (ಮೀನುಗಾರಿಕೆ ಬಂದರಿನಲ್ಲಿ) ಹದಿನಾಲ್ಕು ವರ್ಷ ಎಂಜಿನ್ ನೋಡಿದವ. ಟ್ಯಾಂಕಿಗೆ ಕೈ ಹಾಕುವ ಮೊದಲು ಅದು ಟ್ಯಾಂಕಿಯೇ ಹೌದಾ ಅಂತ ಖಾತ್ರಿ ಮಾಡಿಕೊಳ್ಳಿ. ಡೀಸೆಲ್ ಮೇಲೆಲ್ಲೋ ಸೋರಿ ಪ್ಲೇಟಿನ ಮೇಲೆ ಇಳಿದು ಅಡಿಯ ಮೂಲೆಯಲ್ಲಿ ಹನಿಯಾಗಿ ಬೀಳ್ತದೆ. ನಮಗೆ ಒಮ್ಮೆ ಹಾಗೇ ಆದದ್ದು. ಅಡಿ ಒಟ್ಟೆಯಾಗಿದೆ ಅಂತ ಎರಡು ದಿನ ಹುಡುಕಿದೆವು, ಕಡೆಗೆ ನೋಡಿದರೆ ಎಂಜಿನಿನಿಂದ ವಾಪಸು ಬರುವ ರಿಟರ್ನ್ ಪೈಪಿನ ನಟ್ಟು ಸಡಿಲ. ಎಂಜಿನ್ ಓಡುವಾಗ ಮಾತ್ರ ಸೋರಿದರೆ ಆ ಪೈಪು. ಫುಲ್ ತುಂಬಿಸಿದಾಗ ಮಾತ್ರ ಸೋರಿದರೆ ಮೇಲಿನ ಮುಚ್ಚಳದ ಗ್ಯಾಸ್ಕೆಟ್ಟೋ ಡೀಸೆಲ್ ಹಾಕುವ ಬಾಯಿಯ ಹೋಸೋ. ಎಂಜಿನ್ ನಿಂತಿದ್ದು, ಟ್ಯಾಂಕಿ ಅರ್ಧ ಇದ್ದೂ ಸೋರ್ತಾ ಉಂಟು ಅಂದ್ರೆ ಕೆಳಗಿನ ನಳ್ಳಿ, ಲೆವೆಲ್ ಟ್ಯೂಬಿನ ಬುಡ, ಇಲ್ಲದಿದ್ದರೆ ಪ್ಲೇಟೇ. ಬಟ್ಟೆಯಲ್ಲಿ ಒರೆಸಿ ಒಣಗಿಸಿ ಚಾಕ್‌ಪೀಸ್ ಪುಡಿ ಹಚ್ಚಿ, ಮೊದಲು ಎಲ್ಲಿ ಕಪ್ಪಾಗ್ತದೆ ನೋಡಿ.

ಎಂ-ಸೀಲ್ ವಿಷಯ. ಡೀಸೆಲ್ ಜಿನುಗ್ತಾ ಇರುವ ಪ್ಲೇಟಿಗೆ ಅದು ಹಿಡಿಯುದಿಲ್ಲ. ಸಮುದ್ರದ ಮಧ್ಯೆ ಸೋರಿದರೆ ನಾವು ಮಾಡುದು ಬಟ್ಟೆ ಒಗೆಯುವ ಬಾರ್ ಸೋಪು. ಸೂಜಿ ತೂತಿಗೆ ಸೋಪನ್ನು ಒತ್ತಿ ತಿಕ್ಕಿದರೆ ನಿಲ್ತದೆ, ಡೀಸೆಲಿಗೆ ಸೋಪು ಕರಗುದಿಲ್ಲ. ಅದರ ಮೇಲೆ ರಬ್ಬರ್ ತುಂಡು, ಹಲಗೆ, ಒಂದು ಬೆಣೆ. ನಾಲ್ಕು ದಿನ ಹಾಗೇ ನಡೆಸಿ ದಕ್ಕೆಗೆ ಬಂದದ್ದುಂಟು. ಆದ್ರೆ ಅದು ದಡ ಸೇರುವವರೆಗಿನ ಉಪಾಯ. ನೀರು ಸೋಂಕಿದರೆ ಸೋಪು ಹೋಯ್ತು.

ಅಡಿಯ ನೀರಿಗೆ ಡೀಸೆಲ್ ಬಿದ್ದಿದ್ದರೆ ಪಂಪ್ ಹಾಕಿ ಬಂದರಿನ ನೀರಿಗೆ ಬಿಡಬೇಡಿ. ಮೇಲಿನ ಎಣ್ಣೆಯನ್ನು ಹಳೆ ಬಟ್ಟೆ, ಸ್ಪಂಜಿನಲ್ಲಿ ಹೀರಿಸಿ ಬಕೆಟ್ಟಿಗೆ ಹಿಂಡಿ. ಐಸ್ ಹಾಕಿ ಮೀನಿಡುವ ಕಡೆಗೆ ಆ ವಾಸನೆ ನುಗ್ಗಿದರೆ ಮೀನು ಹೋಯ್ತು ಅಂತಲೇ ಲೆಕ್ಕ, ಏಲಂನಲ್ಲಿ ಮೂಸಿ ನೋಡಿ ಬದಿಗಿಡ್ತಾರೆ.


ಬೈಕಂಪಾಡಿ ವೆಲ್ಡರ್
ಜೂನ್ 18, ಬೆಳಿಗ್ಗೆ 6.15

ತಮ್ಮಾ, ನೀವು ಕೇಳಿದ್ದು ಒಳ್ಳೆದಾಯ್ತು. ಆ ಕೆಲಸಕ್ಕೆ ಒಪ್ಪಬೇಡಿ. ನಾನು ಬೈಕಂಪಾಡಿಯಲ್ಲಿ ಮೂವತ್ತು ವರ್ಷ ಟ್ಯಾಂಕಿ ಕೆಲಸವೇ ಮಾಡಿದ್ದು. ಲಾರಿ ಟ್ಯಾಂಕಿ, ಬೋಟಿನ ಟ್ಯಾಂಕಿ, ಜನರೇಟರಿನದ್ದು ಎಲ್ಲ. ಸ್ವಲ್ಪ ಉದ್ದ ಬರೀತೇನೆ, ತಾಳ್ಮೆಯಿಂದ ಓದಿ.

ಡೀಸೆಲಿಗೆ ಬೆಂಕಿ ಹಿಡಿಯುದಿಲ್ಲ ಅನ್ನುವುದು ತೆರೆದ ತಟ್ಟೆಯಲ್ಲಿ ತಣ್ಣಗಿರುವ ಡೀಸೆಲಿನ ಮಾತು. ಟ್ಯಾಂಕಿಯ ಒಳಗೆ ಉರಿಯುವುದು ಡೀಸೆಲ್ ಅಲ್ಲ, ಅದರ ಆವಿ. ನಮ್ಮ ದೇಶದ ಡೀಸೆಲಿಗೆ ಗುಣಮಟ್ಟ ನಿಗದಿ ಮಾಡುವ ಬಿಐಎಸ್ ಇಟ್ಟ ಫ್ಲ್ಯಾಶ್ ಪಾಯಿಂಟಿನ ಕನಿಷ್ಠ ಮಿತಿ 35 ಡಿಗ್ರಿ. ಅಷ್ಟು ಬಿಸಿಯಾದರೆ ಕಿಡಿಗೆ ಹತ್ತುವಷ್ಟು ಆವಿ ಬರಬಹುದು ಅಂತ ಅರ್ಥ. ನಿಮ್ಮ ಎಂಜಿನ್ ರೂಮು ಎಂಜಿನ್ ಓಡುವಾಗ ಎಷ್ಟು ಕಾಯ್ತದೆ ಅಂತ ನಿಮಗೇ ಗೊತ್ತುಂಟು. ಇನ್ನು ವೆಲ್ಡಿಂಗ್ ರಾಡ್ ತಾಗಿದ ಕಡೆ ಕಬ್ಬಿಣ ಕರಗುವ ಬಿಸಿ, ಅದರ ಸುತ್ತ ಒಂದು ಗೇಣು ಪ್ಲೇಟು ಕೈ ಇಡ್ಲಿಕ್ಕೆ ಆಗದಷ್ಟು ಕಾಯ್ತದೆ. ಗಾಳಿಯಲ್ಲಿ ಡೀಸೆಲ್ ಆವಿ ಶೇಕಡಾ 0.6ರಷ್ಟಿದ್ದರೆ ಸಾಕು, ಸಿಡಿಯಬಹುದು. ನಿಮ್ಮ 1500 ಲೀಟರಿನ ಟ್ಯಾಂಕಿಗೆ ಲೆಕ್ಕ ಹಾಕಿದರೆ ಒಂಬತ್ತು ಲೀಟರ್ ಆವಿ. ಅಷ್ಟು ಆವಿಗೆ ಬೇಕಾಗುವ ಡೀಸೆಲ್ ಸುಮಾರು ನೂರು ಎಂಎಲ್, ನೀವು ಅಡಿಗಿಟ್ಟ ಆ ಚಾ ಗ್ಲಾಸಿನಷ್ಟೇ.

ಒಂದು ಸಲ ನೀರು ಹಾಕಿ ತೊಳೆದರೆ ಆ ಒಂದು ಗ್ಲಾಸು ಹೋಗ್ತದಾ? ಹೋಗುದಿಲ್ಲ. ಹಳೆ ಟ್ಯಾಂಕಿಯ ಒಳಗೆ ತುಕ್ಕಿನ ಪದರ, ಮೂಲೆಯಲ್ಲಿ ಕಪ್ಪು ಲೋಳೆ, ಒಳಗಿನ ಅಡ್ಡ ಪ್ಲೇಟುಗಳ ಬುಡ, ಜಾಯಿಂಟಿನ ಸಂದು, ಎಲ್ಲ ಕಡೆ ಡೀಸೆಲ್ ಕುಡಿದುಕೊಂಡು ಕೂತಿರ್ತದೆ. ಮೂಸಿದರೆ ವಾಸನೆ ಇಲ್ಲ. ಪ್ಲೇಟು ಕಾದ ಕೂಡ್ಲೇ ಅದು ಆವಿಯಾಗಿ ಹೊರಗೆ ಬರ್ತದೆ. ತಣ್ಣಗಿದ್ದಾಗ ಇಲ್ಲದ ಅಪಾಯ ಕೆಲಸ ಶುರು ಮಾಡಿದ ಎರಡನೇ ನಿಮಿಷಕ್ಕೆ ಹುಟ್ಟುದು.

ಇದನ್ನು ನಾನು ಕೇಳಿ ಹೇಳುದಲ್ಲ. ಕೆಲಸ ಕಲಿಯುವಾಗ, ನನಗೆ ಇಪ್ಪತ್ತೆರಡು ವರ್ಷ, ಶೆಡ್ಡಿಗೆ ಒಂದು ಖಾಲಿ ಡೀಸೆಲ್ ಬ್ಯಾರಲ್ ಬಂತು. ವರ್ಷದಿಂದ ಬಿಸಿಲಿನಲ್ಲಿ ಬಿದ್ದದ್ದು, ಮೇಲಿನ ಮುಚ್ಚಳ ಕತ್ತರಿಸಿ ಕೊಡಬೇಕಿತ್ತು. ಎರಡು ಸಲ ನೀರು ಹಾಕಿ ಕುಲುಕಿ ಚೆಲ್ಲಿದೆವು. ನನ್ನ ಜೊತೆಯವ ಗ್ಯಾಸ್ ಕಟ್ಟರ್ ಹಿಡಿದ. ನಾನು ರೆಗ್ಯುಲೇಟರ್ ನೋಡ್ಲಿಕ್ಕೆ ತಿರುಗಿದ್ದೆ, ಅಷ್ಟೇ. ಮುಚ್ಚಳ ಹಾರಿ ಶೆಡ್ಡಿನ ಶೀಟನ್ನು ಸೀಳಿಕೊಂಡು ಹೋಯ್ತು. ಅವನ ಬಲಗೈ ಮಣಿಗಂಟಿನಿಂದ ಕೆಳಗೆ ಉಳಿಯಲಿಲ್ಲ. ಇವತ್ತಿಗೂ ಅವನು ಎಡಗೈಯಲ್ಲಿ ಊಟ ಮಾಡುದು. ಅದು ಇನ್ನೂರು ಲೀಟರಿನ ಬ್ಯಾರಲ್, ಸುತ್ತ ಬಯಲು. ನಿಮ್ಮದು 1500 ಲೀಟರ್, ಮರದ ಬೋಟಿನ ಹೊಟ್ಟೆಯೊಳಗೆ, ಎರಡು ಬದಿಗೂ ಬೇರೆಯವರ ಬೋಟು.

ಈಗ ಸರಿಯಾದ ಕ್ರಮ. ಟ್ಯಾಂಕಿ ಹೊರಗೆ ಬರಬೇಕು. ಅದಕ್ಕೆ ಭಯದ ಆಚೆ ಇನ್ನೊಂದು ಕಾರಣವೂ ಉಂಟು. ಡೀಸೆಲ್ ಟ್ಯಾಂಕಿಗೆ ವೆಲ್ಡ್ ಮಾಡುವ ಒಂದು ಹಳೆಯ, ನಂಬಿಕೆಯ ವಿಧಾನ ಅಂದ್ರೆ ಚೆನ್ನಾಗಿ ತೊಳೆದ ಮೇಲೆ ವೆಲ್ಡ್ ಬರುವ ಜಾಗದ ಸ್ವಲ್ಪ ಕೆಳಗಿನವರೆಗೆ ನೀರು ತುಂಬಿಸುದು. ಒಳಗೆ ಆವಿ ನಿಲ್ಲಲಿಕ್ಕೆ ಜಾಗವೇ ಇರಬಾರದು, ಬಾಯಿ ತೆರೆದಿರಬೇಕು. ನಿಮ್ಮ ಒಟ್ಟೆ ಅಡಿಯಲ್ಲಿ. ಬೋಟಿನೊಳಗೆ ಟ್ಯಾಂಕಿ ಕೂತ ಹಾಗೇ ಇದ್ದರೆ ನೀರು ಅದೇ ಒಟ್ಟೆಯಿಂದ ಹೊರಗೆ ಬರ್ತದೆ, ಆವಿ ಮೇಲಿನ ಅಷ್ಟೂ ಜಾಗದಲ್ಲಿ ನಿಲ್ತದೆ. ಟ್ಯಾಂಕಿಯನ್ನು ಕವುಚಿ ಹಾಕಿ ಅಡಿಯನ್ನು ಮೇಲೆ ಮಾಡಿದರೆ ಮಾತ್ರ ಈ ಕೆಲಸ ಆಗುದು. ಎಂಜಿನ್ ರೂಮಿನಲ್ಲಿ ಅದನ್ನು ಕವುಚಲಿಕ್ಕೆ ಆಗುದಿಲ್ಲವಲ್ಲ.

ತೊಳೆಯುದು ಅಂದ್ರೆ ಹೀಗೆ. ಮುಚ್ಚಳ ಬಿಚ್ಚಿ, ಲೋಳೆ ಪೂರ್ತಿ ಕೆರೆದು ತೆಗೆದು, ಸೋಪಿನ ಪುಡಿ ಹಾಕಿದ ಬಿಸಿನೀರಿನಲ್ಲಿ ಎರಡು ಮೂರು ಸಲ, ಸ್ಟೀಮ್ ಸಿಕ್ಕಿದರೆ ಇನ್ನೂ ಒಳ್ಳೆದು. ಕಡೆಗೆ ಬ್ಲೋವರ್ ಹಾಕಿ ಒಣಗಿಸಿ ಗ್ಯಾಸ್ ಮೀಟರಿನಲ್ಲಿ ಅಳೆದು ನೋಡಬೇಕು, ಮೂಗಿನಲ್ಲಿ ಅಲ್ಲ. ಯಾರನ್ನೂ ತಲೆ ಒಳಗೆ ಹಾಕಿ ಕೆರೀಲಿಕ್ಕೆ ಬಿಡಬೇಡಿ. ಮುಚ್ಚಿದ ಕಬ್ಬಿಣದ ಟ್ಯಾಂಕಿಯಲ್ಲಿ ತುಕ್ಕು ಹಿಡಿಯುವಾಗ ಒಳಗಿನ ಆಮ್ಲಜನಕವನ್ನೇ ತಿಂದು ಬಿಡ್ತದೆ, ಬಗ್ಗಿದವ ಅಲ್ಲೇ ಕುಸೀತಾನೆ. ಉದ್ದ ಹಿಡಿಕೆಯ ಕೆರೆಯುವ ಸಲಕರಣೆ ಮಾಡಿಕೊಳ್ಳಿ.

ಪ್ಯಾಚ್ ಹೊಡೆಯುವ ಮೊದಲು ಇಡೀ ಅಡಿಯನ್ನು ಚಿಪ್ಪಿಂಗ್ ಸುತ್ತಿಗೆಯಲ್ಲಿ ಬಡಿದು ನೋಡಿ. ಗಟ್ಟಿ ಇದ್ದಲ್ಲಿ ಗಂಟೆಯ ಹಾಗೆ ಶಬ್ದ, ತೆಳ್ಳಗಾದಲ್ಲಿ ಡಬ್ಬದ ಶಬ್ದ. ಸೋರುವ ಜಾಗ ಒಂದೇ ಕಂಡರೂ ಸುತ್ತ ಪ್ಲೇಟು ಸವೆದಿರ್ತದೆ. ತೆಳ್ಳಗಾದ ಪ್ಲೇಟಿಗೆ ರಾಡ್ ಇಟ್ಟರೆ ಒಟ್ಟೆ ದೊಡ್ಡದೇ ಆಗುದು, ಬೆಸುಗೆ ಕೂರುದಿಲ್ಲ. ಆರು ಇಂಚಿನ ಪ್ಯಾಚಿನಲ್ಲಿ ಮುಗೀತದೆ ಅಂದರೆ ಸಂತೋಷ. 2011ರ ಟ್ಯಾಂಕಿ ಅಂತೀರಿ, ನನಗೆ ನಂಬಿಕೆ ಕಡಿಮೆ.

ಕೆಲಸ ಆದ ಮೇಲೆ ಟೆಸ್ಟಿಗೆ ಕಂಪ್ರೆಸರ್ ಪೈಪು ನೇರ ಕೊಡುವವರಿದ್ದಾರೆ. ಬೇಡವೇ ಬೇಡ. ಒಂದು ಪಿಎಸ್‌ಐ ಅಂದ್ರೆ ಚದರ ಇಂಚಿಗೆ ಒಂದು ಪೌಂಡ್, ಅರ್ಧ ಕೆಜಿಗೂ ಕಡಿಮೆ, ಎಂತ ಮಹಾ ಅಂತ ಕಾಣ್ತದೆ. ನಿಮ್ಮ ಟ್ಯಾಂಕಿಯ ಉದ್ದದ ಬದಿ 21 ಚದರ ಅಡಿ, ಅಂದ್ರೆ ಮೂರು ಸಾವಿರ ಚದರ ಇಂಚು. ಒಂದು ಪಿಎಸ್‌ಐಗೆ ಆ ಬದಿಯ ಮೇಲೆ ಸುಮಾರು 1380 ಕೆಜಿ ಒತ್ತಡ. ಲಾರಿ ಟಯರಿಗೆ ಹಾಕುವ ಗಾಳಿ ಕೊಟ್ಟರೆ ಚಪ್ಪಟೆ ಬದಿಯ ಟ್ಯಾಂಕಿ ಬಾಂಬೇ. ನೀರಿನಲ್ಲಿ ಟೆಸ್ಟ್ ಮಾಡಿ. ಡೆಕ್ಕಿನ ಮೇಲೆ ಡೀಸೆಲ್ ಹಾಕುವ ಬಾಯಿ ಎಷ್ಟು ಎತ್ತರದಲ್ಲಿ ಬರ್ತದೋ ಅಷ್ಟು ಎತ್ತರಕ್ಕೆ ಒಂದು ಪೈಪು ನಿಲ್ಲಿಸಿ, ಸಿಹಿನೀರು ತುಂಬಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಪೈಪಿನಲ್ಲಿ ಮಟ್ಟ ಇಳಿಯದಿದ್ದರೆ ಪಾಸು.


ಕೋಡಿಬೆಂಗ್ರೆ
ಜೂನ್ 18, ಮಧ್ಯಾಹ್ನ 1.50

ವೆಲ್ಡರ್ ಅಣ್ಣ ಹೇಳಿದ್ದಕ್ಕೆ ಗೌರವ ಕೊಟ್ಟೇ ಹೇಳ್ತೇನೆ. ನಮ್ಮ ಕಡೆ ಬೋಟಿನ ಎಂಜಿನ್ ಸ್ಟಾರ್ಟ್ ಮಾಡಿ ಹೊಗೆಯ ಪೈಪನ್ನು ಟ್ಯಾಂಕಿಯ ಬಾಯಿಗೆ ಕೊಡ್ತಾರೆ. ಅರ್ಧ ಗಂಟೆ ಹೊಗೆ ತುಂಬಿದ ಮೇಲೆ ವೆಲ್ಡಿಂಗ್. ಹೊಗೆ ಇದ್ದಲ್ಲಿ ಬೆಂಕಿ ಹಿಡಿಯುದಿಲ್ಲ ಅಂತ ಲೆಕ್ಕ. ನಾನು ಕಣ್ಣಾರೆ ನಾಲ್ಕೈದು ಬೋಟಿನಲ್ಲಿ ಮಾಡಿದ್ದು ನೋಡಿದ್ದೇನೆ, ಎಂತದೂ ಆಗಲಿಲ್ಲ. ಟ್ಯಾಂಕಿ ತೆಗೆಯುದು ಎಲ್ಲರಿಗೂ ಆಗುವ ಖರ್ಚಲ್ಲ. ಸಾಲ ಮಾಡಿ ಬೋಟು ನಡೆಸುವವರ ಕಷ್ಟವನ್ನೂ ನೋಡಬೇಕು.


ಬೈಕಂಪಾಡಿ ವೆಲ್ಡರ್
ಜೂನ್ 18, ಸಂಜೆ 7.05

ಖರ್ಚಿನ ಮಾತು ಒಪ್ಪುತ್ತೇನೆ. ನಾನೂ ಕಂತು ಕಟ್ಟಿದವ. ಆದ್ರೆ ಹೊಗೆಯ ಮಾತು ಒಪ್ಪಲಿಕ್ಕೆ ಆಗುದಿಲ್ಲ, ಇದನ್ನು ಎಲ್ಲರೂ ತಿಳಿದುಕೊಳ್ಳಬೇಕು.

ಗಾಳಿಯಲ್ಲಿ ಆಮ್ಲಜನಕ ಶೇಕಡಾ 21. ಪಣಂಬೂರಿನ ನವಮಂಗಳೂರು ಬಂದರಿಗೆ ಕಚ್ಚಾ ತೈಲದ ಹಡಗು ಬರ್ತದಲ್ಲ, ಅದರ ಟ್ಯಾಂಕುಗಳಲ್ಲಿ ಆಮ್ಲಜನಕವನ್ನು ಶೇಕಡಾ 8ರ ಒಳಗೆ ಇಡಬೇಕು ಅಂತ ಕಾನೂನೇ ಉಂಟು. ಅಷ್ಟಕ್ಕೆ ಇಳಿದರೆ ಕಿಡಿ ಬಿದ್ದರೂ ಉರಿಯುದಿಲ್ಲ. ಡೀಸೆಲ್ ಎಂಜಿನ್ ಲೋಡ್ ಇಲ್ಲದೆ ಓಡುವಾಗ ಬೇಕಾದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಗಾಳಿ ಎಳೀತದೆ, ಅದರಲ್ಲಿ ಬಹುಪಾಲು ಉರಿಯದೆ ಹಾಗೇ ಹೊರಗೆ ಬರ್ತದೆ. ಆ ಹೊಗೆಯಲ್ಲಿ ಇನ್ನೂ ಶೇಕಡಾ 15ರ ಮೇಲೆ ಆಮ್ಲಜನಕ ಇರ್ತದೆ. ಕಣ್ಣಿಗೆ ಕಪ್ಪು ಕಾಣ್ತದೆ, ಬೆಂಕಿಗೆ ಅದು ಗಾಳಿಯೇ. ಮೇಲಿಂದ ಹೊಗೆಯ ಬಿಸಿಗೆ ಒಳಗಿನ ಲೋಳೆ ಕಾಯ್ತದೆ, ಆವಿ ಹೆಚ್ಚಾಗ್ತದೆ. ನೀವು ನೋಡಿದ ನಾಲ್ಕೈದು ಬೋಟಿನಲ್ಲಿ ಎಂತದೂ ಆಗದಿದ್ದದ್ದು ಹೊಗೆಯಿಂದ ಅಲ್ಲ, ಆವಿ ಆ ದಿನ ಅಷ್ಟು ಇರಲಿಲ್ಲ, ಅಷ್ಟೇ.

ಸಿಲಿಂಡರಿನ ಕಾರ್ಬನ್ ಡೈಆಕ್ಸೈಡೋ ಆರ್ಗಾನೋ ತುಂಬಿಸಿ ಮೀಟರಿನಲ್ಲಿ ಅಳೆದು ಮಾಡುದುಂಟು. ಅದು ಶೆಡ್ಡಿನಲ್ಲಿ ಆಗುವ ಕೆಲಸ. ಇಳಿದು ಹೋಗಲಿಕ್ಕೆ ಒಂದೇ ಏಣಿ ಇರುವ ಎಂಜಿನ್ ರೂಮಿನಲ್ಲಿ ಆ ಗ್ಯಾಸ್ ಸೋರಿದರೆ ವೆಲ್ಡರನೇ ಉಸಿರುಕಟ್ಟಿ ಬೀಳ್ತಾನೆ.


ಕೋಡಿಬೆಂಗ್ರೆ
ಜೂನ್ 18, ರಾತ್ರಿ 8.30

ಹೊಗೆಯಲ್ಲಿ ಆಮ್ಲಜನಕ ಅಷ್ಟು ಉಳೀತದೆ ಅಂತ ನನಗೆ ಗೊತ್ತಿರಲಿಲ್ಲ ಅಣ್ಣ. ನಾಳೆ ನಮ್ಮ ಮಾಲಕರಿಗೂ ಹೇಳ್ತೇನೆ.


ಹಂಗಾರಕಟ್ಟೆ ಬಡಗಿ
ಜೂನ್ 19, ರಾತ್ರಿ 9.10

ಮರದ ಕೆಲಸದವನ ಮಾತು ಒಂದಿರಲಿ. ಹಲಗೆ ಎಬ್ಬಿಸುದು ಅಂದ ಕೂಡ್ಲೇ ಹೆದರಬೇಡಿ. ಟ್ಯಾಂಕಿಯ ಮೇಲಿನ ಐದಾರು ಹಲಗೆ, ಮೊಳೆ ನೋಡಿಕೊಂಡು ಎಬ್ಬಿಸಿದರೆ ಅವೇ ಹಲಗೆ ವಾಪಸು ಕೂರ್ತದೆ. ಎರಡು ದಿನದ ಕೆಲಸ. ಖಾಲಿ ಟ್ಯಾಂಕಿಯೇ ಒಳಗಿನ ಅಡ್ಡ ಪ್ಲೇಟು ಸೇರಿ ಮುನ್ನೂರು ಕೆಜಿ ಹತ್ತಿರ ಇರ್ತದೆ, ಚೈನ್ ಬ್ಲಾಕ್ ಬೇಕು. ಕೈಯಲ್ಲಿ ಎತ್ತಲಿಕ್ಕೆ ಹೋಗಬೇಡಿ. ವಾಪಸು ಕೂರಿಸುವಾಗ ಆ ಜಾಗಕ್ಕೆ ಬಿಚ್ಚಿ ತೆಗೆಯುವ ಮುಚ್ಚಳ ಮಾಡಿಸಿ. ಮುಂದಿನ ಸಲ ನಮ್ಮನ್ನು ಕರೆಯುವ ಖರ್ಚೇ ಇರುದಿಲ್ಲ.

ನಾನು ಹೇಳಲಿಕ್ಕೆ ಬಂದದ್ದು ಟ್ಯಾಂಕಿ ಕೂರುವ ಮರದ ವಿಷಯ. ನೀವು ಹನಿ ಬೀಳುದು ಮರದ ಪಕ್ಕದಿಂದ ಅಂದ್ರಲ್ಲ, ಒಟ್ಟೆ ಮರದ ಮೇಲೇ ಇರ್ತದೆ, ಕಣ್ಣಿಗೆ ಕಾಣದ ಕಡೆ. ಅಲುಗಾಟ ತಾಗಬಾರದು ಅಂತ ಟ್ಯಾಂಕಿಯ ಅಡಿಗೆ ಗೋಣಿ, ಹಳೆ ರಬ್ಬರ್ ಬೆಲ್ಟು, ಫೆಲ್ಟು ಹಾಸುವ ಅಭ್ಯಾಸ ಉಂಟು. ಒಳ್ಳೆಯ ಮನಸ್ಸಿನಿಂದ ಮಾಡುದೇ. ಆದ್ರೆ ಉಪ್ಪುನೀರು ಅದರೊಳಗೆ ಸೇರಿದರೆ ವರ್ಷವಿಡೀ ಒಣಗುದಿಲ್ಲ. ಪ್ಲೇಟು ಹೊರಗಿನಿಂದ ಒಳಕ್ಕೆ ತಿಂದು ಹೋಗ್ತದೆ. ಬಣ್ಣ ಬಳೀಲಿಕ್ಕೂ ಆಗುದಿಲ್ಲ, ನೋಡ್ಲಿಕ್ಕೂ ಆಗುದಿಲ್ಲ. ತೆಗೆದಾಗ ನೋಡಿ, ನಿಮ್ಮದೂ ಅದೇ ಆಗಿರಬಹುದು.


ಪಡುಕೆರೆಯವ
ಜುಲೈ 9, ರಾತ್ರಿ 10.05

ಎಲ್ಲರಿಗೂ ಕೈಮುಗಿದು ಥ್ಯಾಂಕ್ಸ್. ಮೂರು ವಾರ ಕೆಲಸದ ಮಧ್ಯೆ ಬರೀಲಿಕ್ಕೆ ಆಗಲಿಲ್ಲ. ಆದದ್ದೆಲ್ಲ ಹೇಳ್ತೇನೆ, ಮುಂದೆ ಇದೇ ತೊಂದರೆ ಬಂದವರಿಗೆ ಉಪಯೋಗ ಆದೀತು.

ಡ್ರೈವರ್ ಅಣ್ಣ ಹೇಳಿದ ಹಾಗೆ ಮೊದಲು ಪೈಪು, ನಳ್ಳಿ, ಲೆವೆಲ್ ಟ್ಯೂಬು ಎಲ್ಲ ಒರೆಸಿ ಚಾಕ್‌ಪೀಸ್ ಪುಡಿ ಹಚ್ಚಿ ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ಎಲ್ಲ ಬೆಳ್ಳಗೇ ಇತ್ತು, ಅಡಿ ಮಾತ್ರ ಒದ್ದೆ. ಬಂದರಿನ ವೆಲ್ಡರನಿಗೆ ಬೇಡ ಅಂತ ಹೇಳಿ ಕಳಿಸಿದೆ. ಅವನಿಗೆ ಬೇಸರ ಆಯ್ತು. ಬ್ಯಾರಲಿನ ಕತೆ ಅವನಿಗೂ ಹೇಳಿದೆ, ಸುಮ್ಮನೆ ಕೇಳಿಸಿಕೊಂಡ.

ಒಳಗಿದ್ದ ಆರುನೂರು ಚಿಲ್ಲರೆ ಲೀಟರ್ ಡೀಸೆಲನ್ನು ಕೈಪಂಪಿನಲ್ಲಿ ಬ್ಯಾರಲುಗಳಿಗೆ ತೆಗೆದೆವು. ಕೊನೆಯ ಎರಡು ಬಕೆಟ್ ಡೀಸೆಲೇ ಅಲ್ಲ. ಕೆಂಪು ನೀರು, ಅದರ ಮೇಲೆ ಕಪ್ಪು ಲೋಳೆ, ಕೈಗೆತ್ತಿದರೆ ಗಂಜಿಯ ಕೆನೆಯ ಹಾಗೆ ತೇಲಿ ಬರ್ತದೆ, ಕೊಳೆತ ವಾಸನೆ. ಸೀಸನ್ನಿನಲ್ಲಿ ಫಿಲ್ಟರ್ ಪದೇ ಪದೇ ಕಟ್ಟುತ್ತಿದ್ದದ್ದು ಯಾಕೆ ಅಂತ ಆಗ ಗೊತ್ತಾಯ್ತು. ನಾನು ಡೀಸೆಲ್ ಸಮ ಇಲ್ಲ ಅಂತ ಬಂಕಿನವರ ಹತ್ತಿರ ಜಗಳವನ್ನೂ ಆಡಿದ್ದೆ. ಅವರದ್ದು ತಪ್ಪಿರಲಿಲ್ಲ. ನಿಷೇಧದ ಎರಡು ತಿಂಗಳು ಟ್ಯಾಂಕಿ ಅರ್ಧ ಖಾಲಿ ಬಿಡ್ತೇವೆ, ಮಳೆಗಾಲದ ತೇವದ ಗಾಳಿ ಬ್ರೀದರ್ ಪೈಪಿನಿಂದ ಒಳಗೆ ಹೋಗಿ ನೀರಾಗಿ ಅಡಿ ಸೇರ್ತದೆ. ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿ ಬೆಳೆದು ಆ ಲೋಳೆ ಆಗುದಂತೆ. ಅದು ಬಿಡುವ ಆಮ್ಲ ಪ್ಲೇಟನ್ನು ತಿಂತದೆ.

ಐದು ಹಲಗೆ ಎಬ್ಬಿಸಿ ಚೈನ್ ಬ್ಲಾಕಿನಲ್ಲಿ ಟ್ಯಾಂಕಿ ಎತ್ತಿದಾಗ ಅಪ್ಪನೂ ಬಂದಿದ್ದರು. ಟ್ಯಾಂಕಿ ಒಂದು ಅಡಿ ಮೇಲೆ ಬಂತು, ಅದರ ಅಡಿಗೆ ಅಂಟಿಕೊಂಡು ಕಪ್ಪು ರಬ್ಬರ್ ಬೆಲ್ಟಿನ ತುಂಡುಗಳು ಜೋತಾಡ್ತಾ ಬಂದವು. ಒಂದು ತುಂಡು ಕಳಚಿ ಕೆಳಗೆ ಬಿತ್ತು. ಬೆಲ್ಟು ಇದ್ದಷ್ಟೂ ಅಗಲಕ್ಕೆ ಪ್ಲೇಟು ಪದರ ಪದರವಾಗಿ ಎದ್ದು, ಸಂದಿನಲ್ಲಿ ಬಿಳಿ ಉಪ್ಪು ಕೂತಿತ್ತು. ಬಡಗಿ ಅಣ್ಣ ಹೇಳಿದ್ದು ಅಕ್ಷರಕ್ಕೆ ಅಕ್ಷರ. "ಅದು ನಾನೇ ಹಾಕಿಸಿದ್ದು, ಟ್ಯಾಂಕಿಗೆ ಪೆಟ್ಟಾಗಬಾರದು ಅಂತ" ಅಂದ್ರು ಅಪ್ಪ. ಮತ್ತೆ ಸುಮಾರು ಹೊತ್ತು ಮಾತಾಡಲಿಲ್ಲ.

ಟ್ಯಾಂಕಿಯನ್ನು ಉಡುಪಿ ಹತ್ತಿರದ ಒಂದು ಶೆಡ್ಡಿಗೆ ತಕೊಂಡು ಹೋದೆವು. ಅಲ್ಲಿಯ ಹಿರಿಯ ಫಿಟ್ಟರ್ ಒಂದು ಉಪಾಯ ತೋರಿಸಿದ್ರು, ನಾನು ಮೊದಲು ನೋಡಿರಲಿಲ್ಲ. ಟ್ಯಾಂಕಿಯನ್ನು ದಿಮ್ಮಿಗಳ ಮೇಲೆ ಎತ್ತಿಟ್ಟು, ಅಡಿಯನ್ನು ವಯರ್ ಬ್ರಶ್ಶಿನಲ್ಲಿ ತಿಕ್ಕಿ, ಗೋಡೆಗೆ ಬಳಿಯುವ ಸುಣ್ಣ ಬಳಿದು ಒಣಗಿಸಿದ್ರು. ಒಳಗೆ ಹತ್ತು ಲೀಟರ್ ಡೀಸೆಲ್ ಹಾಕಿ ಕಾದೆವು. ಅರ್ಧ ಗಂಟೆಯಲ್ಲಿ ಬಿಳಿ ಸುಣ್ಣದ ಮೇಲೆ ಒಂದು ಕಪ್ಪು ಚುಕ್ಕೆ. ಚಾ ಕುಡಿದು ಬರುವಾಗ ಮೂರು. ಸಂಜೆಗೆ ಬೆಲ್ಟು ಇದ್ದ ಗೆರೆಯುದ್ದಕ್ಕೂ ಏಳು ಚುಕ್ಕೆ, ಎರಡು ಒಂದಕ್ಕೊಂದು ಸೇರಿದ್ದವು. ಹೊರಗೆ ಹನಿ ಬೀಳ್ತಾ ಇದ್ದದ್ದು ಒಂದೇ ಕಡೆ! ಮತ್ತೆ ಅವರು ಸುತ್ತಿಗೆಯ ಚೂಪು ತುದಿಯಲ್ಲಿ ಮೆಲ್ಲಗೆ ಒಂದು ಪೆಟ್ಟು ಕೊಟ್ಟರು, ಹಪ್ಪಳಕ್ಕೆ ಬೆರಳು ಹೋದ ಹಾಗೆ ಒಳಗೆ ಹೋಯ್ತು. 4 ಎಂಎಂ ಇದ್ದದ್ದು ಆ ಅಂಚಿನಲ್ಲಿ ಒಂದು ಎಂಎಂ ಕೂಡ ಉಳಿದಿರಲಿಲ್ಲ. ಬೋಟಿನೊಳಗೆ ಅಲ್ಲಿ ಪ್ಯಾಚ್ ಹೊಡೆಸಿದ್ದರೆ ಅಂತ ಯೋಚಿಸಿದರೆ ಈಗಲೂ ಮೈ ತಣ್ಣಗಾಗ್ತದೆ.

ಹೊಸ ಟ್ಯಾಂಕಿಯೇ ಮಾಡಿಸಿದೆ. ಬದಿಗೆ 5 ಎಂಎಂ, ಅಡಿಗೆ 6. ಯಾರೋ ಜಿಐ ಶೀಟ್ (ಸತು ಲೇಪಿಸಿದ ತಗಡು) ಹಾಕಿ, ತುಕ್ಕು ಹಿಡಿಯುದಿಲ್ಲ ಅಂದ್ರು, ಫಿಟ್ಟರ್ ಬೇಡ ಅಂದ್ರು. ಒಳಗಿನ ಸತು ಡೀಸೆಲಿನ ಜೊತೆ ಸೇರಿ ಸೋಪಿನ ಹಾಗಿನ ಪದಾರ್ಥ ಆಗಿ ನಾಝಲ್, ಫಿಲ್ಟರ್ ಕಟ್ಟುತ್ತದೆ ಅಂತೆ. ಒಳಗೆ ಬಣ್ಣವೂ ಇಲ್ಲ, ಬರೀ ಡೀಸೆಲ್ ಒರೆಸಿದ್ದು. ಹೊರಗೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ಎರಡು ಕೋಟು. ಅಡಿಯನ್ನು ಒಂದು ಮೂಲೆಗೆ ಸ್ವಲ್ಪ ಇಳಿಜಾರು ಮಾಡಿ ಅಲ್ಲಿ ನೀರು ತೆಗೆಯುವ ನಳ್ಳಿ ಇಟ್ಟಿದ್ದೇವೆ. ಎಂಜಿನಿಗೆ ಹೋಗುವ ಪೈಪು ಅಡಿಯಿಂದ ಎರಡು ಇಂಚು ಮೇಲೆ. ಮುಚ್ಚಳಕ್ಕೆ ನೈಟ್ರೈಲ್ ಗ್ಯಾಸ್ಕೆಟ್, ಸಾದಾ ರಬ್ಬರ್ ಡೀಸೆಲಿಗೆ ಉಬ್ಬುತ್ತದೆ. ನೀರಿನ ಟೆಸ್ಟ್ ವೆಲ್ಡರ್ ಅಣ್ಣ ಹೇಳಿದ ಹಾಗೇ ಮಾಡಿದೆವು, ಶೆಡ್ಡಿನ ಮಾಡಿನಿಂದ ಬೀಳುವ ಮಳೆನೀರನ್ನೇ ತುಂಬಿಸಿ. ಬೆಳಿಗ್ಗೆ ಮಟ್ಟ ಒಂದು ಕೂದಲಿನಷ್ಟೂ ಇಳಿದಿರಲಿಲ್ಲ.

ಎಡಬದಿಯ ಟ್ಯಾಂಕಿ ಸೋರ್ತಾ ಇರಲಿಲ್ಲ. ಆದ್ರೂ ಅದನ್ನೂ ಎತ್ತಿಸಿದೆ. ಅದೇ ಬೆಲ್ಟು, ಅದೇ ಉಪ್ಪು, ಆದರೆ ಪ್ಲೇಟು ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಅದರ ಅಡಿಯನ್ನು ಪೂರ್ತಿ ಕತ್ತರಿಸಿ ಹೊಸ ಪ್ಲೇಟು ಹಾಕ್ತಾ ಇದ್ದಾರೆ, ಶೆಡ್ಡಿನಲ್ಲಿ, ತೊಳೆದು ಅಳೆದು. ಖರ್ಚು ನಾನು ಎಣಿಸಿದ್ದಕ್ಕಿಂತ ಹೆಚ್ಚಾಗಿದೆ, ಹೆಂಡತಿಯ ಬಳೆ ಸೊಸೈಟಿಯಲ್ಲಿಟ್ಟಿದ್ದೇನೆ. ನೂಲ ಹುಣ್ಣಿಮೆಗೆ ವಡಭಾಂಡೇಶ್ವರದಲ್ಲಿ ಸಮುದ್ರಪೂಜೆ ಆಗುವ ಹೊತ್ತಿಗೆ ಬೋಟು ತಯಾರಿರ್ತದೆ.

ಟ್ಯಾಂಕಿ ಕೂರುವ ಮರ ಹೊಸತು ಹಾಕಿಸಿದೆವು. ಬೆಲ್ಟಿನ ಬದಲು ನೀರು ಕುಡಿಯದ ಗಟ್ಟಿ ಪ್ಲಾಸ್ಟಿಕ್ ಪಟ್ಟಿ, ಪ್ಲೇಟಿಗೂ ಪಟ್ಟಿಗೂ ಮಧ್ಯೆ ಸಂದು ಇಲ್ಲದ ಹಾಗೆ ಸೀಲಂಟ್ ಹಾಕಿ ಅಂಟಿಸಿದ್ದು. ಅಡಿಯಲ್ಲಿ ಎರಡು ಇಂಚು ಜಾಗ ಬಿಡಿ ಅಂತ ಬಡಗಿಗೆ ಹೇಳಿದ್ದೆ. ಮೊನ್ನೆ ಅಪ್ಪ ಮಂಡಿನೋವಿನಲ್ಲೂ ಎಂಜಿನ್ ರೂಮಿಗೆ ಇಳಿದು, ಟ್ಯಾಂಕಿಯ ಅಡಿಗೆ ಕೈ ಹಾಕಿ ನೋಡಿದ್ರು. "ಸಾಲದು, ಬ್ರಶ್ ಹಿಡಿದ ಕೈ ಹೋಗಬೇಕು" ಅಂದ್ರು. ನಾಳೆ ಇನ್ನೊಂದು ಇಂಚು ಎತ್ತರಿಸ್ತೇವೆ.


ಬೈಕಂಪಾಡಿ ವೆಲ್ಡರ್
ಜುಲೈ 10, ಬೆಳಿಗ್ಗೆ 6.00

ಓದಿ ಸಂತೋಷ ಆಯ್ತು ತಮ್ಮಾ. ಅಪ್ಪನಿಗೆ ನನ್ನ ನಮಸ್ಕಾರ ಹೇಳಿ. ಆ ಕಾಲದಲ್ಲಿ ಎಲ್ಲರೂ ಬೆಲ್ಟೇ ಹಾಕಿದ್ದು, ನಾನೂ ಎಷ್ಟೋ ಟ್ಯಾಂಕಿಯ ಅಡಿಗೆ ಹಾಕಿ ಕೊಟ್ಟಿದ್ದೇನೆ.

ಟೆಸ್ಟಿಗೆ ಹಾಕಿದ ನೀರು ಅಡ್ಡ ಪ್ಲೇಟುಗಳ ಬುಡದಲ್ಲಿ ನಿಂತಿರ್ತದೆ. ಬಟ್ಟೆಯಲ್ಲಿ ಒರೆಸಿ, ಬ್ಲೋವರ್ ಹಾಕಿ ಒಂದು ದಿನ ಒಣಗಿಸಿಯೇ ಡೀಸೆಲ್ ತುಂಬಿಸಿ. ಬ್ಯಾರಲಿನಲ್ಲಿಟ್ಟ ಹಳೆ ಡೀಸೆಲನ್ನು ಸೋಸದೆ ಹಾಕಬೇಡಿ, ಆ ಲೋಳೆಯ ಬೀಜ ಅದರಲ್ಲೇ ಉಂಟು. ಮೊದಲ ಟ್ರಿಪ್ಪಿಗೆ ಎರಡು ಫಿಲ್ಟರ್ ಹೆಚ್ಚಿಗೆ ಕೊಟ್ಟು ಕಳಿಸಿ. ದಿನಕ್ಕೊಮ್ಮೆ ಮೂಲೆಯ ನಳ್ಳಿ ತೆರೆದು ಒಂದು ಗ್ಲಾಸು ಹಿಡಿದು ನೋಡಲಿಕ್ಕೆ ಡ್ರೈವರಿಗೆ ಹೇಳಿ.


ಪಡುಕೆರೆಯವ
ಜುಲೈ 10, ಬೆಳಿಗ್ಗೆ 6.20

ಆಯ್ತು ಅಣ್ಣ. ಆ ಚಾ ಗ್ಲಾಸು ಎಂಜಿನ್ ರೂಮಿನಲ್ಲೇ ಇಟ್ಟಿದ್ದೇನೆ.